ಜರ್ಮನಿಯ ಮೀಟುವಾದ್ಯ ಉತ್ಸವಕ್ಕೆ ಕೊಡಗಿನಿಂದ: ಕರ್ನಾಟಕ ಪದ್ಧತಿಯ ಮ್ಯಾಂಡೊಲಿನ್ ಕಲಿತವರಿಗೆ ಅಲ್ಲಿ ಏನು ದಕ್ಕುತ್ತದೆ?

ವಿರಾಜಪೇಟೆ_ತಂತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ವಿರಾಜಪೇಟೆಯ ಸಮೀಪ ಸಣ್ಣ ಕಾಫಿ ತೋಟವನ್ನು ನೋಡಿಕೊಂಡು, ಸಂಜೆ ಹೊತ್ತು ಊರಿನ ಮಕ್ಕಳಿಗೆ ಮ್ಯಾಂಡೊಲಿನ್ ಹೇಳಿಕೊಡುತ್ತೇನೆ. ಕಲಿತದ್ದು ಮೈಸೂರಿನಲ್ಲಿ, ಕರ್ನಾಟಕ ಶಾಸ್ತ್ರೀಯ ಪದ್ಧತಿಯಲ್ಲಿ. ನುಡಿಸುವುದು ಐದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಜರ್ಮನಿಯ ಬ್ರುಖ್ಸಾಲ್ ಎಂಬ ಊರಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಮ್ಯಾಂಡೊಲಿನ್, ಗಿಟಾರ್ ಮುಂತಾದ ಮೀಟುವಾದ್ಯಗಳಿಗಾಗಿಯೇ ಒಂದು ಅಂತರರಾಷ್ಟ್ರೀಯ ಉತ್ಸವ ನಡೆಯುತ್ತದೆ ಎಂದು ತಿಳಿದಾಗಿನಿಂದ, ಒಂದು ಸಲವಾದರೂ ಹೋಗಿ ಕೇಳಬೇಕೆಂಬ ಆಸೆ ಹತ್ತಿದೆ. ಜೊತೆಗೆ ಬರಲು ನನ್ನ ಅಕ್ಕನ ಮಗಳು ಸಿದ್ಧಳಿದ್ದಾಳೆ. ಪದವಿ ಓದುತ್ತಿದ್ದಾಳೆ, ವರ್ಣಗಳನ್ನು ಮುಗಿಸಿ ಕೃತಿಗಳಿಗೆ ಬಂದಿದ್ದಾಳೆ.

ಖರ್ಚಿನ ವಿಷಯವನ್ನು ಮುಚ್ಚಿಡುವುದಿಲ್ಲ. ವಿಮಾನ, ವೀಸಾ, ವಸತಿ ಎಲ್ಲ ಸೇರಿದರೆ ಒಂದು ಫಸಲಿನ ಕರಿಮೆಣಸಿನ ಹಣ ಹೋಗುತ್ತದೆ. ಆದ್ದರಿಂದ ಇಂಥ ಉತ್ಸವಗಳಿಗೆ ಹೋಗಿಬಂದವರನ್ನು ಕೇಳುತ್ತಿದ್ದೇನೆ: ಸರಿಗಮ ಬಿಟ್ಟರೆ ಬೇರೆ ಸ್ವರಲಿಪಿಯನ್ನು ಓದಲು ಬಾರದ ನಮ್ಮಂಥವರಿಗೆ ಅಲ್ಲಿ ಸಭಿಕರಾಗಿ ಕುಳಿತಿರುವುದಕ್ಕಿಂತ ಹೆಚ್ಚಿನದೇನಾದರೂ ದಕ್ಕುತ್ತದೆಯೇ? ನಮ್ಮ ಎಲೆಕ್ಟ್ರಿಕ್ ವಾದ್ಯಕ್ಕೆ ಅಲ್ಲಿ ಜಾಗವುಂಟೇ, ಅಥವಾ ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದು ಲೇಸೇ? ಮೇ ತಿಂಗಳಾದರೆ ನನಗೆ ಅನುಕೂಲವೇ. ಕಾಫಿ, ಮೆಣಸು ಎರಡರ ಕೊಯ್ಲೂ ಮುಗಿದಿರುತ್ತದೆ, ಮಳೆಗಾಲ ಹಿಡಿಯುವ ಮೊದಲು ಒಂದೆರಡು ವಾರ ತೋಟವನ್ನು ತಮ್ಮನಿಗೆ ಒಪ್ಪಿಸಿ ಹೊರಡಬಹುದು.

ಮಡಿಕೇರಿ_ಕಾರ್ಲ್ಸ್‌ರೂಹೆ

ನಮಸ್ಕಾರ ಸರ್. ಕೆಲಸದ ನಿಮಿತ್ತ ಕೆಲವು ವರ್ಷ ಕಾರ್ಲ್ಸ್‌ರೂಹೆಯಲ್ಲಿದ್ದೆ. ಬ್ರುಖ್ಸಾಲ್ ಅಲ್ಲಿಂದ ಸುಮಾರು ಇಪ್ಪತ್ತು ಕಿಲೋಮೀಟರ್. 2018ರ ಮೇ ತಿಂಗಳಿನ ಉತ್ಸವಕ್ಕೆ ಅಲ್ಲಿಂದಲೇ ದಿನವೂ ರೈಲಿನಲ್ಲಿ ಓಡಾಡಿದವನು ನಾನು. ಇದನ್ನು ನಡೆಸುವುದು 1963ರಲ್ಲಿ ರೂಪುಗೊಂಡ ‘ಬುಂಡ್ ಡಾಯ್ಚರ್ ತ್ಸುಪ್ಫ್‌ಮುಜೀಕರ್’ ಎಂಬ ಜರ್ಮನಿಯ ಮೀಟುವಾದ್ಯಗಾರರ ಒಕ್ಕೂಟ. ಆ ದೇಶದಲ್ಲಿ ಮ್ಯಾಂಡೊಲಿನ್ ಎಂದರೆ ಅಂಚಿನಲ್ಲಿ ಉಳಿದ ವಾದ್ಯವೆಂದು ಭಾವಿಸಬೇಡಿ. ಕಲೋನ್ ಸಂಗೀತ ವಿದ್ಯಾಲಯದ ವುಪ್ಪರ್ಟಾಲ್ ಶಾಖೆಯಲ್ಲಿ ಅದಕ್ಕೆ ಪ್ರತ್ಯೇಕ ಪ್ರಾಧ್ಯಾಪಕ ಪೀಠವಿದೆ. ಮಾರ್ಗಾ ವಿಲ್ಡನ್-ಹ್ಯೂಸ್ಗನ್ ಅವರ ಬಳಿಕ ಆ ಸ್ಥಾನಕ್ಕೆ ಬಂದವರು ಕಟರೀನಾ ಲಿಖ್ಟನ್‌ಬರ್ಗ್. 2023ಕ್ಕೆ ‘ವರ್ಷದ ವಾದ್ಯ’ವಾಗಿ ಅಲ್ಲಿನ ಪ್ರಾಂತೀಯ ಸಂಗೀತ ಮಂಡಳಿಗಳು ಆರಿಸಿದ್ದು ಇದೇ ಮ್ಯಾಂಡೊಲಿನನ್ನು.

ನೀವು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೆಂದರೆ, ಅಲ್ಲಿನ ಉತ್ಸವದ ಜೀವ ಇರುವುದು ವಾದ್ಯವೃಂದದಲ್ಲಿ. ನಮ್ಮಲ್ಲಿ ಮ್ಯಾಂಡೊಲಿನ್ ಎಂದರೆ ವೇದಿಕೆಯ ನಡುವೆ ಒಬ್ಬರು, ಪಕ್ಕದಲ್ಲಿ ಪಿಟೀಲು, ಮೃದಂಗ, ಘಟ. ಅಲ್ಲಿ ಮೂವತ್ತು ನಲವತ್ತು ಮಂದಿ ಅರ್ಧಚಂದ್ರಾಕಾರವಾಗಿ ಕುಳಿತಿರುತ್ತಾರೆ: ಒಂದು ಬದಿಗೆ ಮೊದಲನೆಯ ಮ್ಯಾಂಡೊಲಿನ್‌ಗಳು, ಆಮೇಲೆ ಎರಡನೆಯವು, ಒಂದು ಸ್ಥಾಯಿ ಕೆಳಗಿನ ಮ್ಯಾಂಡೊಲಾಗಳು, ಗಿಟಾರ್‌ಗಳು, ಎಲ್ಲರ ಹಿಂದೆ ನಿಂತು ನುಡಿಸುವ ಡಬಲ್ ಬಾಸ್. ಇವರಲ್ಲಿ ಹೆಚ್ಚಿನವರು ವೃತ್ತಿಯ ಸಂಗೀತಗಾರರಲ್ಲ. ಶಾಲಾ ಮಾಸ್ತರರು, ನಿವೃತ್ತರು, ಕಾಲೇಜು ಮಕ್ಕಳು ಒಂದೇ ಸಾಲಿನಲ್ಲಿ, ಕೆಲವೊಮ್ಮೆ ಇಬ್ಬರಿಗೆ ಒಂದೇ ನೊಟೇಶನ್ ಸ್ಟ್ಯಾಂಡ್ ಇಟ್ಟುಕೊಂಡು ಕುಳಿತಿರುತ್ತಾರೆ. ಮೈಕ್ ಇರುವುದಿಲ್ಲ. ಮೆಲುದನಿಯಲ್ಲಿ ಟ್ರೆಮೊಲೊ (ಒಂದೇ ಸ್ವರವನ್ನು ಬಿಡುವಿಲ್ಲದೆ ಮೀಟುವುದು) ನಡೆಯುವಾಗ ಮುಂದಿನ ಸಾಲಿನ ಸಭಿಕರಿಗೆ ಸ್ವರದ ಜೊತೆಗೇ ಅಷ್ಟೂ ಪಿಕ್‌ಗಳು ತಂತಿಗೆ ಸವರುವ ಸರಸರ ಸದ್ದು ಕೇಳಿಸುತ್ತದೆ. ನಿರ್ವಾಹಕರು ಕೈ ಮೇಲೆತ್ತಿದೊಡನೆ ಅದು ನಾದದೊಳಗೆ ಮುಚ್ಚಿಹೋಗುತ್ತದೆ. ಧ್ವನಿಮುದ್ರಣದಲ್ಲಿ ಇದು ಸಿಗುವುದಿಲ್ಲ. ಹೋಗಬೇಕೇ ಬೇಡವೇ ಎಂದು ನೀವು ಕೇಳಿದ್ದಕ್ಕೆ ನನ್ನ ಉತ್ತರದ ಅರ್ಧ ಭಾಗ ಇದೇ.

ಇನ್ನರ್ಧವೆಂದರೆ, ಒಂದೇ ವಾದ್ಯದಲ್ಲಿ ಎಷ್ಟು ಬಗೆಯ ನಾದವಿದೆ ಎಂಬುದು ಅಲ್ಲಿ ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ. ಜರ್ಮನ್ ವಾದಕರು ನಯವಾಗಿ ಸುತ್ತಿದ ತಂತಿಯನ್ನು ದಪ್ಪನೆಯ, ರಬ್ಬರಿನಂಥ ಮೆತ್ತನೆಯ ಪಿಕ್‌ನಿಂದ ಮೀಟುತ್ತಾರೆ. ನಾದ ದುಂಡಗೆ, ತುಸು ಮಂಕಾಗಿ ಬರುತ್ತದೆ. ನೇಪಲ್ಸ್‌ನ ಪರಂಪರೆಯವರದು ಹೊಳಪಿನ, ಚೂಪಾದ ನಾದ. ನನ್ನ ಒಲವು ನೇಪಲ್ಸ್ ಕಡೆಗೇ. ಜರ್ಮನ್ ನಾದ ಸಪ್ಪೆ ಎಂದು ಅಲ್ಲಿನವರ ಎದುರು ಹೇಳಿ ಸಾಕಷ್ಟು ವಾದ ಮಾಡಿದ್ದೇನೆ. ವಿವಾಲ್ಡಿಯ ಮ್ಯಾಂಡೊಲಿನ್ ಕಾನ್ಚೆರ್ಟೊಗಳಿಂದ ಹಿಡಿದು ರಫಾಯೆಲೆ ಕಲಾಚೆಯ ಕೃತಿಗಳವರೆಗೆ, ಅಲ್ಲಿಂದ ಇಂದಿನ ರಚನಕಾರರವರೆಗೆ ಈ ವಾದ್ಯಕ್ಕೆ ಬರೆದ ಸಂಗೀತದ ಹರಹು ದೊಡ್ಡದು. ಬೇತೋವನ್ ಕೂಡ 1796ರಲ್ಲಿ ಪ್ರಾಗ್ ನಗರದಲ್ಲಿದ್ದಾಗ ಮ್ಯಾಂಡೊಲಿನ್ ನುಡಿಸುತ್ತಿದ್ದ ಒಬ್ಬ ಶ್ರೀಮಂತ ಮನೆತನದ ಯುವತಿಗಾಗಿ ಪುಟ್ಟ ರಚನೆಗಳನ್ನು ಬರೆದಿದ್ದ, ಅವುಗಳಲ್ಲಿ ನಾಲ್ಕು ಉಳಿದಿವೆ ಎಂಬುದು ನಮ್ಮಲ್ಲಿ ಸಂಗೀತ ಕಲಿತ ಎಷ್ಟೋ ಜನರಿಗೆ ತಿಳಿದಿರುವುದಿಲ್ಲ.

ನುಡಿಸುವ ಅವಕಾಶದ ಬಗ್ಗೆ ಹೇಳುವುದಾದರೆ, ಬ್ರುಖ್ಸಾಲ್‌ನ ವೇದಿಕೆ ಮೊದಲೇ ಗೊತ್ತುಪಡಿಸಿದ ವೃಂದಗಳದ್ದು ಮತ್ತು ಕಲಾವಿದರದ್ದು. ಹಾಗೇ ಹೋಗಿ ನುಡಿಸುವಂತಿಲ್ಲ. ಬಂದವರೆಲ್ಲ ಕೂಡಿ ನುಡಿಸುವ ಪದ್ಧತಿ ಬೇಕಿದ್ದರೆ 1986ರಲ್ಲಿ ಆರಂಭವಾದ ಅಮೆರಿಕದ ಕ್ಲಾಸಿಕಲ್ ಮ್ಯಾಂಡೊಲಿನ್ ಸೊಸೈಟಿಯ ವಾರ್ಷಿಕ ಸಮಾವೇಶವನ್ನು ನೋಡಬೇಕು. ಅಲ್ಲಿ ನೋಂದಾಯಿಸಿಕೊಂಡವರಿಗೆ ನೊಟೇಶನ್ನನ್ನು ಮುಂಚಿತವಾಗಿ ಕೊಟ್ಟು, ಕೊನೆಗೆ ಎಲ್ಲರನ್ನೂ ಒಂದೇ ದೊಡ್ಡ ವೃಂದವಾಗಿ ಕೂರಿಸುತ್ತಾರೆ. ಆದರೆ ಅದು ನಡೆಯುವುದು ಅಕ್ಟೋಬರ್-ನವೆಂಬರ್ ಸುಮಾರಿಗೆ; ಕಾಫಿ ಹಣ್ಣಾಗುವ ಹೊತ್ತಿಗೆ ನೀವು ಹೊರಡಲಾರಿರಿ.

ಷಡ್ಜ_ಪಂಚಮ

ಮೇಲಿನವರು ನಾದದ ಬಗ್ಗೆ ಬರೆದಿರುವುದಕ್ಕೆ ಸೇರಿಸಿ ಒಂದು ಮಾತು. ನಾನು ಸೋಮವಾರಪೇಟೆಯವಳು, ವೀಣೆ ಕಲಿತು ಆಮೇಲೆ ಮ್ಯಾಂಡೊಲಿನ್‌ಗೆ ಬಂದವಳು. ಫ್ರಾನ್ಸಿನ ಲ್ಯುನೆಲ್ ಎಂಬಲ್ಲಿ ನಡೆಯುವ ಮ್ಯಾಂಡೊಲಿನ್ ಉತ್ಸವಕ್ಕೆ ಹೋಗಿದ್ದೆ.

ಮ್ಯಾಂಡೊಲಿನ್ನಿನ ಮೂಲ ತೊಂದರೆ ಒಂದೇ: ಮೀಟಿದ ಸ್ವರ ನಿಲ್ಲುವುದಿಲ್ಲ. ಪುಟ್ಟ ಒಡಲು, ಗಿಡ್ಡ ತಂತಿ. ಹುಟ್ಟಿದ ನಾದ ಆ ಕ್ಷಣವೇ ಇಳಿಯತೊಡಗುತ್ತದೆ. ಇಟಲಿಯವರು ಇದಕ್ಕೆ ಕಂಡುಕೊಂಡ ಉಪಾಯ ಟ್ರೆಮೊಲೊ, ಅಂದರೆ ಜೋಡಿ ತಂತಿಯ ಮೇಲೆ ಪಿಕ್ಕನ್ನು ಮೇಲೂ ಕೆಳಗೂ ಬಿಡುವಿಲ್ಲದೆ ಆಡಿಸಿ ಸ್ವರ ಹರಿಯುತ್ತಿರುವಂತೆ ಕೇಳಿಸುವುದು. ನಮ್ಮ ಕರ್ನಾಟಕ ಪದ್ಧತಿಯ ಮ್ಯಾಂಡೊಲಿನ್ ವಿದ್ವಾಂಸ ಯು. ಶ್ರೀನಿವಾಸ್ ಅವರು ಹಿಡಿದದ್ದು ಇನ್ನೊಂದು ದಾರಿ. ನಮಗೆ ಬೇಕಾದದ್ದು ಬರಿಯ ದೀರ್ಘ ಸ್ವರವಲ್ಲ, ಆ ಸ್ವರ ನಿಂತಿರುವಾಗಲೇ ಅದನ್ನು ಎಳೆದು, ಜಾರಿಸಿ, ಅಲುಗಿಸಿ ಗಮಕ ತೆಗೆಯುವುದು. ಜೋಡಿ ತಂತಿಗಳನ್ನು ಬೆರಳಿನಿಂದ ಪಕ್ಕಕ್ಕೆ ಎಳೆದರೆ ಎರಡೂ ಒಂದೇ ಅಳತೆಗೆ ಏರುವುದು ಕಷ್ಟ, ಶ್ರುತಿ ಒಡೆಯುತ್ತದೆ. ಅದಕ್ಕೇ ಒಂಟಿ ತಂತಿ. ಮಂದ್ರಕ್ಕಾಗಿ ಐದನೆಯದೊಂದು ತಂತಿ. ನಾದ ನಿಲ್ಲಲೆಂದು ಪಿಕಪ್ ಮತ್ತು ಆಂಪ್ಲಿಫೈಯರ್. 1969ರಲ್ಲಿ ಪಾಲಕೊಲ್ಲಿನಲ್ಲಿ ಹುಟ್ಟಿದ ಅವರು 1983ರಲ್ಲಿ, ಇನ್ನೂ ಬಾಲಕನಾಗಿರುವಾಗಲೇ, ಬರ್ಲಿನ್ ಜಾಝ್ ಉತ್ಸವದಲ್ಲಿ ನುಡಿಸಿದ್ದರು. ಆದ್ದರಿಂದ ನಮ್ಮ ವಾದ್ಯದ ಸುದ್ದಿಯೇ ಜರ್ಮನಿಗೆ ತಿಳಿಯದು ಎಂಬ ಅಳುಕು ನಿಮಗೆ ಬೇಡ.

ಹಾಗಿದ್ದರೂ ಎಲೆಕ್ಟ್ರಿಕ್ ವಾದ್ಯವನ್ನು ಕೊಂಡೊಯ್ಯಬೇಡಿ ಎಂದೇ ನಾನು ಹೇಳುವುದು. ಮೈಕಿಲ್ಲದೆ ಕುಳಿತ ಗುಂಪಿನ ನಡುವೆ ಆಂಪ್ಲಿಫೈಯರ್ ಇಟ್ಟುಕೊಂಡವರೊಡನೆ ಬೆರೆತು ನುಡಿಸಲು ಯಾರಿಗೂ ಆಗುವುದಿಲ್ಲ. ಜೋಡಿ ತಂತಿಯ ಸಾದಾ ಮ್ಯಾಂಡೊಲಿನ್ ಒಂದನ್ನು ಸಂಪಾದಿಸಿ, ಹೊರಡುವ ಮೊದಲು ಆರು ತಿಂಗಳಾದರೂ ಅದರ ಮೇಲೆ ಕೈ ಆಡಿಸಿ. ಶ್ರುತಿಯ ವ್ಯವಸ್ಥೆ ಬೇರೆ ಎಂಬುದನ್ನು ನೆನಪಿಡಬೇಕು. ನಾವು ಸಾಮಾನ್ಯವಾಗಿ ಷಡ್ಜ-ಪಂಚಮಗಳಿಗೆ ತಂತಿ ಕೂಡಿಸುತ್ತೇವೆ. ಅಲ್ಲಿ ಪಾಶ್ಚಾತ್ಯ ಪಿಟೀಲಿನಂತೆ ಜಿ, ಡಿ, ಎ, ಇ, ಅಂದರೆ ಒಂದೊಂದು ತಂತಿಯೂ ಅದರ ಕೆಳಗಿನದಕ್ಕೆ ಪಂಚಮ. ಕೈಗೆ ಕೂತ ಬೆರಳುಗಾರಿಕೆಯೆಲ್ಲ ಮೊದಲ ಕೆಲವು ವಾರ ಅಡ್ಡ ಬರುತ್ತದೆ.

ಸ್ಟಾಫ್ ನೊಟೇಶನ್ (ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ) ಎಂದು ಹೆದರುವ ಅಗತ್ಯವಿಲ್ಲ. ಪಿಯಾನೊದವರಂತೆ ಎರಡು ಪಂಕ್ತಿಗಳನ್ನು ಏಕಕಾಲಕ್ಕೆ ಓದಬೇಕಾಗಿಲ್ಲ. ಮ್ಯಾಂಡೊಲಿನ್‌ಗೆ ಮೇಲಿನ ಸ್ವರಗಳ ಪಂಕ್ತಿಗೆ ಹಾಕುವ ಗುರುತಾದ ಟ್ರೆಬಲ್ ಕ್ಲೆಫ್ ಒಂದೇ ಸಾಕು, ಜರ್ಮನ್ ವೃಂದಗಳಲ್ಲಿ ಮ್ಯಾಂಡೊಲಾ ನುಡಿಸುವವರೂ ಅದನ್ನೇ ಓದುತ್ತಾರೆ. ಸ್ವರದ ಕಡ್ಡಿಯ ಮೇಲೆ ಮೂರು ಓರೆಗೆರೆ ಕಂಡರೆ ಟ್ರೆಮೊಲೊ, ಇಂಗ್ಲಿಷಿನ ‘ವಿ’ಯಂಥ ಗುರುತು ಕಂಡರೆ ಕೆಳಗಿನಿಂದ ಮೇಲಕ್ಕೆ ಮೀಟು. ವರ್ಣವನ್ನು ಎರಡು ಕಾಲದಲ್ಲಿ ನುಡಿಸುವ ಹುಡುಗಿಗೆ ಲಯದ ಭಾಗ ಕಷ್ಟವಾಗಲಾರದು. ಕಷ್ಟವಾಗುವುದು ಗಮಕವನ್ನು ಬಿಡುವುದು. ಬರೆದ ಸ್ವರವನ್ನು ನೇರವಾಗಿ, ಅಲುಗಿಸದೆ ನಿಲ್ಲಿಸಬೇಕೆಂದರೆ ನಮ್ಮ ಎಡಗೈ ಮಾತು ಕೇಳುವುದೇ ಇಲ್ಲ.

ಕುದುರೆ_ಬಿರಡೆ

ಕುಶಾಲನಗರದಲ್ಲಿ ತಂತಿವಾದ್ಯಗಳ ರಿಪೇರಿ ಮಾಡುತ್ತೇನೆ. ವಾದ್ಯವನ್ನು ಕೊಂಡೊಯ್ಯುವುದಾದರೆ ಈ ಮಾತುಗಳನ್ನು ಗಮನಿಸಿ.

ಸಾದಾ ಮ್ಯಾಂಡೊಲಿನ್ನಿನಲ್ಲಿ ತಂತಿಗಳನ್ನು ಹೊತ್ತಿರುವ ಕುದುರೆಯನ್ನು ಗಿಟಾರಿನಂತೆ ಅಂಟಿಸಿರುವುದಿಲ್ಲ; ತಂತಿಗಳ ಒತ್ತಡದಿಂದಲೇ ಅದು ಹಲಗೆಯ ಮೇಲೆ ನಿಂತಿರುತ್ತದೆ. ವಿಮಾನದಲ್ಲಿ ತಂತಿ ಕಡಿಯುತ್ತದೆಂಬ ಭಯದಿಂದ ಎಲ್ಲವನ್ನೂ ಪೂರ್ತಿ ಸಡಿಲಿಸಿದವರ ವಾದ್ಯಗಳು ನನ್ನ ಅಂಗಡಿಗೆ ಬರುತ್ತಲೇ ಇರುತ್ತವೆ. ಕುದುರೆ ಒಂದು ಕೂದಲೆಳೆಯಷ್ಟು ಸರಿದರೂ ಸಾಕು, ಮೇಲಿನ ಮನೆಗಳಲ್ಲಿ ಒಂದು ಸ್ವರವೂ ತನ್ನ ಜಾಗದಲ್ಲಿ ನುಡಿಯುವುದಿಲ್ಲ. ಹೊರಡುವ ಮೊದಲು ಕುದುರೆಯ ಎರಡೂ ಪಾದಗಳ ಸುತ್ತ ಮೆತ್ತನೆಯ ಪೆನ್ಸಿಲ್ಲಿನಿಂದ ತೆಳುವಾಗಿ ಗುರುತು ಹಾಕಿ, ತಂತಿಗಳನ್ನು ಒಂದು ಸ್ವರದಷ್ಟು ಮಾತ್ರ ಇಳಿಸಿ. ವಾದ್ಯವನ್ನು ಲಗೇಜಿಗೆ ಹಾಕದೆ ಕೈಯಲ್ಲೇ ಒಯ್ಯಿರಿ. ಅದರ ಪೆಟ್ಟಿಗೆ ಸಾಮಾನ್ಯವಾಗಿ ಸೀಟಿನ ಮೇಲಿನ ಗೂಡಿನಲ್ಲಿ ಹಿಡಿಯುತ್ತದೆ, ಆದರೂ ಟಿಕೆಟ್ ಕೊಳ್ಳುವಾಗಲೇ ವಿಮಾನ ಸಂಸ್ಥೆಯನ್ನು ಕೇಳಿಡಿ.

ಮರದ ವಿಷಯಕ್ಕೆ ಬಂದರೆ, ವಾದ್ಯದಲ್ಲಿ ಬೀಟೆ ಇದೆಯೇ ನೋಡಿಕೊಳ್ಳಿ. ತಮ್ಮ ತೋಟದ ಬೀಟೆಯನ್ನು ಕಡಿಯಲು ಅರಣ್ಯ ಇಲಾಖೆಗೆ ಅಲೆದು ಗೊತ್ತಿರುವ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೀಟೆಯೂ ಸೇರಿದ ಡಾಲ್ಬರ್ಜಿಯಾ ಕುಲದ ಮರಗಳು, ಬ್ರೆಜಿಲ್‌ನ ರೋಸ್‌ವುಡ್ ಒಂದನ್ನು ಬಿಟ್ಟು, ಎಲ್ಲವೂ 2017ರ ಜನವರಿಯಿಂದ ಸೈಟಿಸ್ (ಅಳಿವಿನಂಚಿನ ಪ್ರಾಣಿ-ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ) ಒಪ್ಪಂದದ ಎರಡನೆಯ ಪಟ್ಟಿಯಲ್ಲಿವೆ. ಸಿದ್ಧಗೊಂಡ ಸಂಗೀತ ವಾದ್ಯಗಳಿಗೆ 2019ರ ಕೊನೆಯಲ್ಲಿ ವಿನಾಯಿತಿ ಸಿಕ್ಕಿತು, ಹಾಗಾಗಿ ನಮ್ಮ ಬೀಟೆಯ ಮನೆಹಲಗೆ ಇರುವ ವಾದ್ಯಕ್ಕೆ ಆ ಒಪ್ಪಂದದ ತಕರಾರಿಲ್ಲ. ಬ್ರೆಜಿಲ್‌ನ ರೋಸ್‌ವುಡ್ ಇದ್ದರೆ ಮಾತು ಬೇರೆ. ಅದು ಮೊದಲನೆಯ ಪಟ್ಟಿಯಲ್ಲಿದೆ, ವಿನಾಯಿತಿ ಅದಕ್ಕೆ ಅನ್ವಯಿಸದು. ಅಜ್ಜನ ಕಾಲದ ಇಟಲಿಯ ಮ್ಯಾಂಡೊಲಿನ್ ಮನೆಯಲ್ಲಿದ್ದರೆ ಅದನ್ನು ದಯವಿಟ್ಟು ಕೊಂಡೊಯ್ಯಬೇಡಿ. ಅಂಥ ಹಳೆಯ ವಾದ್ಯಗಳಲ್ಲಿ ಪಿಕ್ ತಾಗುವ ಜಾಗಕ್ಕೆ ನಿಜವಾದ ಆಮೆಚಿಪ್ಪನ್ನು ಕೂರಿಸುವ ರೂಢಿಯಿತ್ತು, ಕೆಲವಕ್ಕೆ ದಂತವನ್ನೂ ಬಳಸುತ್ತಿದ್ದರು. ಕಸ್ಟಮ್ಸ್‌ನವರು ಹಿಡಿದರೆ ವಾದ್ಯ ಮರಳಿ ಬರುವುದು ಅನುಮಾನ.

ಇನ್ನು ನಮ್ಮ ಮಳೆಗಾಲ. ಮರಳಿ ಬರುವ ಹೊತ್ತಿಗೆ ಇಲ್ಲಿ ಜೂನ್ ಸಮೀಪಿಸಿರುತ್ತದೆ. ಒಣ ಹವೆಯಲ್ಲಿದ್ದು ಬಂದ ತೆಳು ಹಲಗೆಯನ್ನು ಕೊಡಗಿನ ಜೂನ್ ತಿಂಗಳಿನಲ್ಲಿ ಗೋಡೆಗೆ ತೂಗುಹಾಕಿದರೆ ಅದು ಉಬ್ಬುತ್ತದೆ, ಬೂಸಲು ಬರುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು ಮುಚ್ಚಿಡಿ. ನುಡಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಿಂದ ಒರೆಸಿ.

ಪೊನ್ನಂಪೇಟೆ_ಶ್ರೋತೃ

ಯಾರ ಉತ್ಸಾಹಕ್ಕೂ ಅಡ್ಡಿಯಾಗುವ ಉದ್ದೇಶ ನನಗಿಲ್ಲ. ಆದರೆ ಒಂದು ಫಸಲಿನ ಮೆಣಸಿನ ಹಣವನ್ನು ನಾಲ್ಕು ದಿನದ ಕೇಳ್ಮೆಗೆ ಹಾಕುವ ಮೊದಲು ಹತ್ತಿರದಲ್ಲಿರುವುದನ್ನು ಕೇಳಿ ಮುಗಿಸಿದ್ದೇವೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಶ್ರೀ ರಾಮಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವ ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುತ್ತದೆ. ಮೀಟುವಾದ್ಯದ ಮಾತೇ ಆದರೆ ವೀಣೆ ಶೇಷಣ್ಣನವರಿಂದ ವಿ. ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ ಬೆಳೆದ ವೀಣೆಯ ಪರಂಪರೆ ನಮ್ಮ ಪಕ್ಕದ ಮೈಸೂರಿನಲ್ಲೇ ಇದೆ. ಅಷ್ಟು ಹಣದಲ್ಲಿ ಆ ಹುಡುಗಿಗೆ ಮೈಸೂರಿನಲ್ಲಿ ಒಂದು ವರ್ಷ ಒಳ್ಳೆಯ ಗುರುಗಳ ಬಳಿ ಪಾಠ ಹೇಳಿಸಬಹುದು. ನಮ್ಮ ಸಂಗೀತದ ಒಳಗಿರುವುದನ್ನು ಬಲಪಡಿಸಿಕೊಳ್ಳದೆ ಗಮಕವನ್ನು ಬಿಡುವ ಅಭ್ಯಾಸಕ್ಕೆ ಹೋಗುವುದು ನನಗೇಕೋ ಸರಿಕಾಣುವುದಿಲ್ಲ.

ಮಡಿಕೇರಿ_ಕಾರ್ಲ್ಸ್‌ರೂಹೆ

ಹಿರಿಯರಾದ ಪೊನ್ನಂಪೇಟೆಯವರ ಮಾತಿನಲ್ಲಿ ಹಣದ ಭಾಗವನ್ನು ಒಪ್ಪುತ್ತೇನೆ. ಸಂಗೀತದ ಭಾಗವನ್ನು ಒಪ್ಪಲಾರೆ. ರಾಮನವಮಿ ಕಚೇರಿಯಲ್ಲಿ ಸಿಗುವುದು ಒಬ್ಬ ವಿದ್ವಾಂಸರ ಮನೋಧರ್ಮ. ಅದರ ಮುಂದೆ ಬ್ರುಖ್ಸಾಲ್‌ನ ಯಾವ ವೃಂದವನ್ನೂ ನಾನು ನಿಲ್ಲಿಸುವುದಿಲ್ಲ. ಆದರೆ ಪ್ರಶ್ನೆ ಕೇಳಿದವರು ಮಕ್ಕಳಿಗೆ ಪಾಠ ಹೇಳುವವರು. ಹತ್ತು ಮಕ್ಕಳನ್ನು ಒಟ್ಟಿಗೆ ಕೂರಿಸಿದಾಗ ಎಲ್ಲರೂ ಒಂದೇ ಸ್ವರವನ್ನು ಒಂದೇ ಸ್ಥಾಯಿಯಲ್ಲಿ ನುಡಿಸುವುದನ್ನು ಬಿಟ್ಟು ನಮಗೆ ಬೇರೆ ದಾರಿ ಗೊತ್ತಿಲ್ಲ. ಕಲಿತು ಒಂದು ವರ್ಷವಾದವನಿಗೂ ಇಪ್ಪತ್ತು ವರ್ಷವಾದವನಿಗೂ ಒಂದೇ ರಚನೆಯಲ್ಲಿ ತಕ್ಕ ಕೆಲಸ ಕೊಡುವುದು ಹೇಗೆಂದು ಆ ಊರುಗಳ ವೃಂದಗಳು ಚೆನ್ನಾಗಿ ಬಲ್ಲವು: ಎರಡನೆಯ ಮ್ಯಾಂಡೊಲಿನ್ನಿನ ಪಂಕ್ತಿ ಎಷ್ಟೋ ಸಲ ಮೂರೋ ನಾಲ್ಕೋ ಸ್ವರಗಳಲ್ಲೇ ಮುಗಿದಿರುತ್ತದೆ, ಆದರೆ ಅದನ್ನು ತೆಗೆದರೆ ಇಡೀ ರಚನೆ ಬಡವಾಗುತ್ತದೆ. ವಿರಾಜಪೇಟೆಯ ಮಾಸ್ತರರಿಗೆ ಕೆಲಸಕ್ಕೆ ಬರುವುದು ಇದು. ಉತ್ಸವದಲ್ಲಿ ನೊಟೇಶನ್ ಮಾರುವವರ ಮಳಿಗೆಗಳಿರುತ್ತವೆ. ಮಕ್ಕಳ ವೃಂದಗಳಿಗೆಂದೇ ಬರೆದ ಸುಲಭ ರಚನೆಗಳನ್ನು ಅಲ್ಲೇ ನಿಂತು ತಿರುವಿ ನೋಡಿ ಕೊಳ್ಳಬಹುದು. ವಾದ್ಯ ತಯಾರಕರೂ ಬರುತ್ತಾರೆ, ಕೇಳಿದರೆ ನುಡಿಸಿ ನೋಡಲು ಕೊಡುತ್ತಾರೆ. ಈ ಮಳಿಗೆಗಳಿಗಾಗಿ ಒಂದು ಮಧ್ಯಾಹ್ನವನ್ನು ಖಾಲಿ ಇಟ್ಟುಕೊಳ್ಳಿ.

ವಿರಾಜಪೇಟೆ_ತಂತಿ

ಎಲ್ಲರಿಗೂ ಕೃತಜ್ಞತೆಗಳು. ಪೊನ್ನಂಪೇಟೆಯವರ ಆಕ್ಷೇಪವನ್ನು ಮನೆಯಲ್ಲೂ ಎತ್ತಿದ್ದಾರೆ, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಮಕ್ಕಳ ವೃಂದದ ಮಾತು ನನಗೆ ನಾಟಿತು. ನನ್ನಲ್ಲಿ ಬರುವವರಲ್ಲಿ ಅರ್ಧದಷ್ಟು ಮಂದಿ ಕೃತಿಗಳ ಹಂತ ತಲುಪುವ ಮೊದಲೇ ಬಿಟ್ಟುಹೋಗುತ್ತಾರೆ, ಅವರಿಗೆ ಕೂಡಿ ನುಡಿಸಲು ಏನಾದರೂ ಇದ್ದಿದ್ದರೆ ಉಳಿಯುತ್ತಿದ್ದರೋ ಏನೋ. ಎಲೆಕ್ಟ್ರಿಕ್ ವಾದ್ಯವನ್ನು ಇಲ್ಲೇ ಬಿಡುತ್ತೇನೆ. ಅಕ್ಕನ ಮಗಳಿಗೆ ಜೋಡಿ ತಂತಿಯ ವಾದ್ಯವೊಂದನ್ನು ಹುಡುಕುತ್ತಿದ್ದೇವೆ, ಟ್ರೆಬಲ್ ಕ್ಲೆಫ್ ಪಾಠ ಇಬ್ಬರಿಗೂ ಶುರುವಾಗಲಿ ಎಂದಿದ್ದಾಳೆ. ಉಳಿದದ್ದು ವೀಸಾ. ಕೃಷಿಯ ಆದಾಯ ಮಾತ್ರ ಇರುವವರು ಕಾಗದಪತ್ರ ಹೇಗೆ ಹೊಂದಿಸಬೇಕು ಎಂದು ಯಾರಾದರೂ ತಿಳಿಸಿದರೆ ಉಪಕಾರ.

ಗೋಣಿಕೊಪ್ಪ_ಪಯಣಿಗ

ಸರ್, ಮಗಳು ಅಲ್ಲಿರುವುದರಿಂದ ನಾವು ಗಂಡಹೆಂಡತಿ ಷೆಂಗನ್ ವೀಸಾಕ್ಕೆ (ಜರ್ಮನಿಯೂ ಸೇರಿದ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹಾಕಿ ಹೋಗಿಬಂದಿದ್ದೇವೆ, ನಮ್ಮದೂ ತೋಟದ ಆದಾಯವೇ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡಮಾಡುವಂತೆಯೂ ಇಲ್ಲ. ಬೇಸಗೆಯ ಪ್ರವಾಸಿಗರ ನೂಕುನುಗ್ಗಲು ಶುರುವಾಗುವ ಮೊದಲು, ಸಾಧ್ಯವಾದರೆ ಜನವರಿ-ಫೆಬ್ರವರಿಯಲ್ಲೇ, ಬೆಂಗಳೂರಿನ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಳ್ಳಿ. ಕೊಯ್ಲಿನ ನಡುವೆ ಒಂದು ದಿನ ಹೋಗುತ್ತದೆ, ಬೇರೆ ದಾರಿಯಿಲ್ಲ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವಂತಿರಬೇಕು. ಪಾಸ್‌ಪೋರ್ಟ್ ನೀವು ಮರಳುವ ದಿನದಿಂದ ಇನ್ನೂ ಮೂರು ತಿಂಗಳಾದರೂ ಚಾಲ್ತಿಯಲ್ಲಿರಬೇಕು.

ಆದಾಯದ ದಾಖಲೆಯಾಗಿ ಪಹಣಿ, ಕಾಫಿ ಮತ್ತು ಮೆಣಸು ಮಾರಿದ ರಸೀದಿಗಳು, ಆ ಹಣ ಜಮೆಯಾದ ಬ್ಯಾಂಕ್ ಖಾತೆಯ ವಿವರ ಮೂರನ್ನೂ ಒಂದಕ್ಕೊಂದು ತಾಳೆಯಾಗುವಂತೆ ಜೋಡಿಸಿ. ಜಮ್ಮಾ ಜಮೀನಾದರೆ ಪಹಣಿಯಲ್ಲಿ ಒಕ್ಕದ, ಅಂದರೆ ಇಡೀ ಮನೆತನದ, ಹಲವರ ಹೆಸರಿರುತ್ತದೆ, ಬೆಂಗಳೂರಿನವರಿಗೇ ಅದು ಅರ್ಥವಾಗದು, ಇನ್ನು ಜರ್ಮನಿಯವರಿಗೆ ಎಲ್ಲಿಂದ ಅರ್ಥವಾಗಬೇಕು. ನಿಮ್ಮ ಪಾಲು ಎಷ್ಟು ಎಂದು ತಿಳಿಸುವ ಒಂದು ಪುಟದ ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆದು ಸೇರಿಸಿ. ಅಕ್ಕನ ಮಗಳ ಖರ್ಚನ್ನು ನೀವು ಭರಿಸುವುದಾದರೆ ಆ ಬಗ್ಗೆ ಪತ್ರ, ಸಂಬಂಧವನ್ನು ತೋರಿಸುವ ದಾಖಲೆ, ಕಾಲೇಜಿನಿಂದ ರಜೆಯ ಪತ್ರ ಇಟ್ಟುಕೊಳ್ಳಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹೊರಡುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ವಾದ್ಯವನ್ನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದರೆ, ಮರಳುವಾಗ ಅದು ಹೊಸದಾಗಿ ಕೊಂಡದ್ದಲ್ಲ ಎಂದು ವಾದಿಸಬೇಕಾಗುವುದಿಲ್ಲ. ಅದಕ್ಕೆ ಸಾಕಷ್ಟು ಮುಂಚಿತವಾಗಿ ನಿಲ್ದಾಣ ತಲುಪಬೇಕು.

ವಸತಿಯ ಬಗ್ಗೆ ಕೊನೆಯದಾಗಿ ಒಂದು ಮಾತು. 2018ರ ಉತ್ಸವ ಕ್ರೈಸ್ತರ ಸ್ವರ್ಗಾರೋಹಣ ಹಬ್ಬದ ಗುರುವಾರದಿಂದ ಭಾನುವಾರದವರೆಗೆ ನಡೆದಿತ್ತು. ಅದು ಜರ್ಮನಿಯಲ್ಲಿ ಸರ್ಕಾರಿ ರಜೆ, ಜನರೆಲ್ಲ ಪ್ರವಾಸ ಹೊರಡುವ ವಾರಾಂತ್ಯ. ಉತ್ಸವ ಆ ದಿನಗಳಿಗೇ ಬಿದ್ದರೆ ಬ್ರುಖ್ಸಾಲ್‌ನಲ್ಲೇ ಕೋಣೆ ಸಿಗಲಿ ಎಂದು ಕಾಯದೆ, ಕಾರ್ಲ್ಸ್‌ರೂಹೆಯಲ್ಲೋ ಹೈಡಲ್‌ಬರ್ಗ್‌ನಲ್ಲೋ ರೈಲು ನಿಲ್ದಾಣದ ಹತ್ತಿರ ಹುಡುಕಿ, ಬೇಡವಾದರೆ ರದ್ದು ಮಾಡಬಹುದಾದ ಕೋಣೆಯನ್ನೇ ಕಾಯ್ದಿರಿಸಿ.